ವಿಜ್ಞಾನದ ಉನ್ನತ ವ್ಯಾಸಂಗ: ಅರ್ಜಿ, ಪ್ರವೇಶ ಮತ್ತು ಪದವಿ

ವಿಜ್ಞಾನ ಪದವೀಧರರು ಮುಂದಿನ ಸಂಶೋಧನೆಗೆ ಎಲ್ಲಿ ಅರ್ಜಿ ಸಲ್ಲಿಸಬೇಕೆಂಬುದು ಮೇಲುನೋಟಕ್ಕೆ ವೈಯಕ್ತಿಕ ಆಯ್ಕೆಯಾಗಿ ತೋರುತ್ತದೆ. ಆದರೆ 1933 ಮತ್ತು 1943ರ ನಡುವೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಅರಸಿ ಬಂದ ಮೂವರು ಮಹಿಳೆಯರ ವೃತ್ತಾಂತವನ್ನು ಪರಿಶೀಲಿಸಿದಾಗ, ಆ ಆಯ್ಕೆಯ ಎಲ್ಲೆಗಳು ಬೇರೆಡೆ ನಿರ್ಧಾರವಾಗುತ್ತಿದ್ದವೆಂಬುದು ಸ್ಪಷ್ಟವಾಗುತ್ತದೆ.

1909ರಲ್ಲಿ ಸ್ಥಾಪಿತವಾಗಿ, ಜನಬಳಕೆಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಹೆಸರಾದ ಈ ಸಂಸ್ಥೆಗೆ ಆಗ ವಿಶ್ವವಿದ್ಯಾನಿಲಯದ ಸ್ಥಾನವಿರಲಿಲ್ಲ. ಅದು ದೊರೆತುದು 1958ರಲ್ಲಿ. ಇಲ್ಲಿ ನಡೆಸಿದ ಸಂಶೋಧನೆಗೆ ಎಂ.ಎಸ್ಸಿ. ಅಥವಾ ಪಿಎಚ್.ಡಿ. ಪದವಿ ಬೇಕಾದವರು ಹೊರಗಿನ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧ ಸಲ್ಲಿಸಬೇಕಾಗಿತ್ತು. ಹೀಗಾಗಿ ಪ್ರವೇಶ ಮತ್ತು ಪದವಿ ಎಂಬ ಎರಡು ಬಾಗಿಲುಗಳನ್ನು ಅಭ್ಯರ್ಥಿಯು ಬೇರೆಬೇರೆಯಾಗಿ ದಾಟಬೇಕಿತ್ತು.

ಮೊದಲ ಬಾಗಿಲಲ್ಲಿ ತಡೆಯಲ್ಪಟ್ಟವರು ಕಮಲಾ ಭಾಗವತ್. ಮುಂದೆ ಇವರೇ ಕಮಲಾ ಸೊಹೋನಿ. ತಂದೆ ಹಾಗೂ ತಂದೆಯ ಸಹೋದರರು ಇದೇ ಸಂಸ್ಥೆಯಲ್ಲಿ ಓದಿದ್ದುದರಿಂದ ಅವರಿಗೆ ಬೆಂಗಳೂರು ಸಹಜವಾದ ಆಯ್ಕೆಯಾಗಿತ್ತು. 1933ರಲ್ಲಿ ಮುಂಬಯಿಯ ಬಿ.ಎಸ್ಸಿ. ಪದವಿ ಪಡೆದು ಅವರು ಅರ್ಜಿ ಸಲ್ಲಿಸಿದಾಗ, ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಮಹಿಳೆಯೆಂಬ ಕಾರಣದಿಂದ ಪ್ರವೇಶ ನಿರಾಕರಿಸಿದರು. ಕಮಲಾ ಹಿಂಜರಿಯದೆ ನೇರವಾಗಿ ಪ್ರಶ್ನಿಸಿದ ಮೇಲೆ, ಮೊದಲ ವರ್ಷವನ್ನು ಪರೀಕ್ಷಾವಧಿಯೆಂದು ಎಣಿಸುವ ಷರತ್ತಿನೊಡನೆ ಪ್ರವೇಶ ದೊರೆಯಿತು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು ಅಧ್ಯಯನ ಮಾಡಿ 1936ರಲ್ಲಿ ಎಂ.ಎಸ್ಸಿ. ಪಡೆದರು, 1939ರಲ್ಲಿ ಕೇಂಬ್ರಿಡ್ಜಿನಿಂದ ಪಿಎಚ್.ಡಿ. ಗಳಿಸಿದರು.

ಅನ್ನಾ ಮಣಿಯವರು ಎದುರಿಸಿದುದು ಎರಡನೆಯ ಬಾಗಿಲನ್ನು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಆನರ್ಸ್ ಪದವಿ ಪಡೆದಿದ್ದ ಅವರು 1940ರಲ್ಲಿ ವಿದ್ಯಾರ್ಥಿವೇತನದೊಡನೆ ರಾಮನ್ ಅವರ ಪ್ರಯೋಗಾಲಯ ಸೇರಿ ವಜ್ರ, ಮಾಣಿಕ್ಯಗಳ ರೋಹಿತವನ್ನು ಅಭ್ಯಸಿಸಿದರು. 1945ರಲ್ಲಿ ಸಲ್ಲಿಸಿದ ಮಹಾಪ್ರಬಂಧಕ್ಕೆ, ಎಂ.ಎಸ್ಸಿ. ಇಲ್ಲವೆಂಬ ಕಾರಣ ನೀಡಿ ಮದರಾಸು ವಿಶ್ವವಿದ್ಯಾನಿಲಯವು ಪಿಎಚ್.ಡಿ. ನಿರಾಕರಿಸಿತು. ಅದೇ ವರ್ಷ ಇಂಗ್ಲೆಂಡಿಗೆ ತೆರಳಲು ಅವರಿಗೆ ಒದಗಿದ ಸರ್ಕಾರಿ ವಿದ್ಯಾರ್ಥಿವೇತನ ಹವಾಮಾನ ಉಪಕರಣಗಳ ಅಧ್ಯಯನಕ್ಕೆ ಮೀಸಲಾಗಿತ್ತು. ಭೌತಶಾಸ್ತ್ರದ ವಿದ್ಯಾರ್ಥಿನಿ ಹವಾಮಾನ ವಿಜ್ಞಾನಿಯಾದುದು ಹೀಗೆ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತದ ಎಂ.ಎಸ್ಸಿ. ಪಡೆದಿದ್ದ ರಾಜೇಶ್ವರಿ ಚಟರ್ಜಿಯವರೂ ರಾಮನ್ ಅವರ ಬಳಿ ಸಂಶೋಧನೆ ಮಾಡಬಯಸಿದ್ದರು. ಭೌತಶಾಸ್ತ್ರದ ಪದವಿಯಿಲ್ಲವೆಂಬ ಕಾರಣದಿಂದ ಅದು ಕೈಗೂಡಲಿಲ್ಲ. 1943ರಲ್ಲಿ ಅದೇ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗವನ್ನು ಸೇರಿ, ಸರ್ಕಾರಿ ವಿದ್ಯಾರ್ಥಿವೇತನದ ನೆರವಿನಿಂದ 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. 1953ರಲ್ಲಿ ಡಾಕ್ಟರೇಟ್ ಪಡೆದು ಮರಳಿ, ಬೆಂಗಳೂರಿನ ಸಂಸ್ಥೆಯಲ್ಲಿಯೇ ಅಧ್ಯಾಪಕಿಯಾದರು.

ಈ ಮೂರು ನಿದರ್ಶನಗಳಲ್ಲಿ ತಡೆಯ ಸ್ವರೂಪ ಒಂದೇ ಅಲ್ಲ. ಮೊದಲನೆಯದು ಲಿಂಗಾಧಾರಿತ ನಿರಾಕರಣೆ. ಉಳಿದೆರಡು ಪೂರ್ವಪದವಿಯ ನಿಯಮಕ್ಕೆ ಸಂಬಂಧಿಸಿದವು. ಅವುಗಳನ್ನು ಬೆರೆಸದೆ ನೋಡುವುದು ಅಗತ್ಯ. ಮೂವರ ಸಾಧನೆಯನ್ನು ಸ್ಮರಿಸುವ ಇತಿಹಾಸವು, ಅವರ ಪ್ರತಿಭೆಯೊಡನೆ ಪ್ರವೇಶದ ಷರತ್ತು, ಪದವಿಯ ಅಧಿಕಾರ ಮತ್ತು ವಿದ್ಯಾರ್ಥಿವೇತನದ ದಿಕ್ಕನ್ನೂ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ. ಇಲ್ಲವಾದರೆ ಅನಿವಾರ್ಯವಾಗಿ ಹಿಡಿದ ಹಾದಿಯನ್ನು ಸ್ವಂತ ಆಯ್ಕೆಯೆಂದು ಭ್ರಮಿಸುವ ಸಾಧ್ಯತೆಯಿದೆ.