ಹಿಂದಿದ್ದ ‘ಸೆ’ ಮುಂದೆ ಬಂದ ಬಗೆ

ಸ್ಪ್ಯಾನಿಷ್ ಪಾಠ ಹೇಳುವ ನನಗೆ ‘ಲವಾರ್ಸೆ’ ಕ್ರಿಯಾಪದದ ಮೇಲೆ ಕೊಂಚ ಪಕ್ಷಪಾತ. ಮೈ ತೊಳೆದುಕೊಳ್ಳುವುದು ಎಂದರ್ಥ. ಹಿಂದೆ ದಿನಾ ನಡೆಯುತ್ತಿದ್ದ ಕೆಲಸಕ್ಕೆ ಇಂಪರ್ಫೆಕ್ಟ್ ಕಾಲ: ಮೆ ಲವಾಬ, ತೆ ಲವಾಬಸ್, ಸೆ ಲವಾಬ, ನೊಸ್ ಲವಾಬಮೊಸ್, ಒಸ್ ಲವಾಬಯ್ಸ್, ಸೆ ಲವಾಬನ್. ವಿದ್ಯಾರ್ಥಿಗಳು ಮಗ್ಗಿಯ ಹಾಗೆ ಒಪ್ಪಿಸಿಬಿಡುತ್ತಾರೆ. ಈ ಮಗ್ಗಿ ಯಾರೋ ಒಬ್ಬರು ಕೂತು ಬರೆದದ್ದಲ್ಲ ಎಂದು ಹೇಳದೆ ನನಗೆ ಸಮಾಧಾನವಿಲ್ಲ.

1492ರಲ್ಲಿ ಸಲಮಾಂಕಾದಲ್ಲಿ ವ್ಯಾಕರಣಕಾರ ನೆಬ್ರಿಹಾ ಪ್ರಕಟಿಸಿದ ಕ್ಯಾಸ್ಟಿಲಿಯನ್ (ಅಂದರೆ ಸ್ಪ್ಯಾನಿಷ್) ವ್ಯಾಕರಣದಲ್ಲಿ ಈ ಕಾಲದ ಹೆಸರು ‘ಮುಗಿಯದ ಭೂತಕಾಲ’. ಆತ ಅಲ್ಲಿ ‘ಬ’ ಇರಬೇಕಾದ ಕಡೆ ‘ವ’ ಬರೆದಿದ್ದಾನೆ: ಅಮಾವ (ಪ್ರೀತಿಸುತ್ತಿದ್ದೆ), ಅಮಾವಸ್. ಲ್ಯಾಟಿನ್ನಿನ ‘ಲವಾಬತ್’ನಲ್ಲಿದ್ದ ‘ಬ’ವನ್ನು ಬರಹಕ್ಕೆ ಮರಳಿ ತಂದದ್ದು 18ನೇ ಶತಮಾನದಲ್ಲಿ ಸ್ಪೇನಿನ ರಾಯಲ್ ಅಕಾಡೆಮಿ. ನಾಲಿಗೆಗೆ ಎರಡೂ ಒಂದೇ. ಕಷ್ಟ ಕಾಗುಣಿತಕ್ಕೆ ಮಾತ್ರ. ‘ನೀವು’ ರೂಪಕ್ಕೆ ನೆಬ್ರಿಹಾ ಕೊಡುವುದು ‘ಅಮಾವದೆಸ್’. ಆ ‘ದ’ ಬಿದ್ದುಹೋಗಿ ‘ಬಯ್ಸ್’ ನೆಲೆಯಾಗುವ ಹೊತ್ತಿಗೆ 17ನೇ ಶತಮಾನ ಬಂದಿತ್ತು. ಲ್ಯಾಟಿನ್ ಅಮೆರಿಕದವರಿಗೆ ಆ ಸಾಲೇ ಬೇಡ, ‘ಉಸ್ತೆದೆಸ್ ಸೆ ಲವಾಬನ್’ ಎಂದು ಮುಗಿಸುತ್ತಾರೆ.

‘ವೆಸ್ತೀರ್ಸೆ’, ಅಂದರೆ ಬಟ್ಟೆ ತೊಟ್ಟುಕೊಳ್ಳುವುದು, ಬೇರೆ ದಾರಿ ಹಿಡಿಯಿತು. ಅಲ್ಲಿ ‘ಬ’ ಸವೆದೇ ಹೋಗಿ ‘ಮೆ ವೆಸ್ತೀಅ’ ಆಯಿತು. ‘ಈರ್’ ಎಂದು ಕೊನೆಯಾಗುವ ಆ ಗುಂಪಿನಲ್ಲಿ ‘ಬ’ವನ್ನು ಬಿಡದೆ ಹಿಡಿದದ್ದು ‘ಹೋಗು’ ಎಂಬ ಪುಟ್ಟ ಕ್ರಿಯಾಪದ: ‘ಮೆ ಈಬ’, ಹೊರಟುಹೋಗುತ್ತಿದ್ದೆ.

ನನಗೆ ಎಲ್ಲಕ್ಕಿಂತ ಇಷ್ಟದ ಕತೆ ‘ತನ್ನನ್ನು’ ಎಂಬರ್ಥದ ‘ಸೆ’ಯದು. ಮಧ್ಯಯುಗದ ಕ್ಯಾಸ್ಟಿಲಿಯನ್‌ನಲ್ಲಿ ಇಂಥ ದುರ್ಬಲ ಸರ್ವನಾಮಕ್ಕೆ ವಾಕ್ಯದ ಮೊದಲಲ್ಲಿ ನಿಲ್ಲುವ ಹಕ್ಕಿರಲಿಲ್ಲ. ಕ್ರಿಯಾಪದ ಮುಂದೆ, ಅದರ ಬಾಲಕ್ಕೆ ಅಂಟಿಕೊಂಡು ‘ಸೆ’: ‘ಲವಾಬಸೆ’. ಮೊದಲಲ್ಲಿ ‘ನೊ’ (ಇಲ್ಲ) ಎಂಬಂಥ ಪದ ಬಂದರೆ ಮಾತ್ರ ಅದರ ಮರೆಯಲ್ಲಿ ಮುಂದೆ ಬರಬಹುದಿತ್ತು: ‘ನೊ ಸೆ ಲವಾಬ’. ನಮ್ಮ ‘ಕೊಳ್ಳು’ ಇಂದಿಗೂ ಹಿಂದೆಯೇ ಇದೆ, ಅದಕ್ಕೆ ಅಂಥ ಆಸೆ ಹುಟ್ಟಲಿಲ್ಲ. ‘ಸೆ’ ಮಾತ್ರ ಶತಮಾನಗಳ ಕಾಲ ತೆವಳಿ ವಾಕ್ಯದ ತಲೆಗೇ ಬಂತು. 19ನೇ ಶತಮಾನದ ಕಾದಂಬರಿಕಾರರು ಠೀವಿಗಾಗಿ ಹಳೆಯ ರೂಪ ಬಳಸುತ್ತಿದ್ದರು. ಈಗ ಹಾಗೆ ಬರೆದರೆ ಪುರಾಣ ಓದಿದಂತಿರುತ್ತದೆ. ‘ಲವಾರ್ಸೆ’, ‘ಲವಾಂದೊಸೆ’ (ತೊಳೆದುಕೊಳ್ಳುತ್ತಾ) ರೂಪಗಳಲ್ಲಿ, ‘ತೊಳೆದುಕೋ’ ಎಂಬ ಆಜ್ಞೆಯಲ್ಲಿ ಮಾತ್ರ ಸರ್ವನಾಮ ಇನ್ನೂ ಬಾಲದಲ್ಲೇ ಇದೆ.

1847ರಲ್ಲಿ ಚಿಲಿಯಲ್ಲಿ ವ್ಯಾಕರಣಕಾರ ಆಂದ್ರೆಸ್ ಬೆಯ್ಯೊ ಈ ಇಂಪರ್ಫೆಕ್ಟ್ ಕಾಲಕ್ಕೆ ‘ಕೊಪ್ರೆತೆರಿತೊ’, ಅಂದರೆ ಇನ್ನೊಂದು ಭೂತಕಾಲದ ಜೊತೆಗಾರ, ಎಂದು ಹೆಸರಿಟ್ಟ. ನೀನು ಬಂದೆ, ಆಗ ನಾನು ಮೈ ತೊಳೆದುಕೊಳ್ಳುತ್ತಿದ್ದೆ: ‘ಮೆ ಲವಾಬ’. ಮೆಕ್ಸಿಕೋದಲ್ಲಿ ಆ ಹೆಸರು ಈಗಲೂ ಚಾಲ್ತಿಯಲ್ಲಿದೆ. ನಾನೂ ಅದನ್ನೇ ಹೇಳಿಕೊಡುತ್ತೇನೆ, ಪಠ್ಯಪುಸ್ತಕ ಏನೇ ಅನ್ನಲಿ.