ಫ್ಯಾಕ್ಟ್‌ಚೆಕ್: ‘ಕೈಲಾಸ’ ದೇಶಕ್ಕೆ ವಿಶ್ವಸಂಸ್ಥೆ ಮಾನ್ಯತೆ ಕೊಟ್ಟಿದೆಯೇ?

ಬಿಡದಿ ಆಶ್ರಮದ ನಿತ್ಯಾನಂದ 2019ರಲ್ಲಿ ಘೋಷಿಸಿದ ‘ಕೈಲಾಸ’ವನ್ನು ವಿಶ್ವಸಂಸ್ಥೆ ದೇಶವೆಂದು ಒಪ್ಪಿದೆ ಎಂಬ ಫಾರ್ವರ್ಡ್ ದೇರೆಬೈಲ್‌ನ ನಮ್ಮ ವಾಟ್ಸ್‌ಆ್ಯಪ್ ಗ್ರೂಪ್‌ಗೂ ಬಂದಿತ್ತು. ನಾವು ಪರಿಶೀಲಿಸಿದಾಗ ತಿಳಿದದ್ದು: ಇದು ಸುಳ್ಳು.

ಅದರ ಪ್ರತಿನಿಧಿಗಳು 2023ರ ಫೆಬ್ರುವರಿಯಲ್ಲಿ ಜಿನೀವಾದ ವಿಶ್ವಸಂಸ್ಥೆ ಸಭೆಯಲ್ಲಿ ಮಾತನಾಡಿದ್ದು ನಿಜ. ಆದರೆ ಅದು ಸಾರ್ವಜನಿಕರಿಗೂ ಮುಕ್ತವಾಗಿದ್ದ ಸಭೆ. ಅವರ ಹೇಳಿಕೆಯನ್ನು ಪರಿಗಣಿಸುವುದಿಲ್ಲ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೇ ತಿಳಿಸಿತು.

1933ರ ಮಾಂಟೆವಿಡಿಯೊ ಒಪ್ಪಂದದ ಪ್ರಕಾರ ದೇಶ ಎನಿಸಿಕೊಳ್ಳಲು ನಾಲ್ಕು ಅಂಶಗಳು ಬೇಕು: ಕಾಯಂ ಜನಸಂಖ್ಯೆ, ನಿರ್ದಿಷ್ಟ ಭೂಪ್ರದೇಶ, ಸರ್ಕಾರ, ಇತರ ದೇಶಗಳೊಂದಿಗೆ ವ್ಯವಹರಿಸುವ ಸಾಮರ್ಥ್ಯ. ಕೈಲಾಸಕ್ಕೆ ನಿರ್ದಿಷ್ಟ ಗಡಿಯ ನೆಲವೇ ಇಲ್ಲ. ಯಾವ ದೇಶವೂ ಮಾನ್ಯತೆ ಕೊಟ್ಟಿಲ್ಲ. ಧ್ವಜ, ವೆಬ್‌ಸೈಟ್ ಇದ್ದ ಮಾತ್ರಕ್ಕೆ ದೇಶವಾಗುವುದಿಲ್ಲ.

ಆ ‘ಪಾಸ್‌ಪೋರ್ಟ್’ ಹಿಡಿದು ಬಜಪೆಯಿಂದ ವಿದೇಶಕ್ಕೆ ಹಾರಲಾಗದು. ಪೌರತ್ವದ ಹೆಸರಲ್ಲಿ ಬರುವ ಲಿಂಕ್‌ಗಳಿಗೆ ಆಧಾರ್, ಬ್ಯಾಂಕ್ ವಿವರ ಕೊಡಬೇಡಿ.