ಪ್ರೊಜೆಕ್ಟರ್ ಮೆನು: ಬಲಿಪೂಜೆಗೆ ಮೊದಲು ಏನು ನೋಡಬೇಕು?

ಗೀತೆ, ವಾಚನಗಳನ್ನು ಪರದೆಯ ಮೇಲೆ ತೋರಿಸುವ ದೇವಾಲಯಗಳಲ್ಲಿ ಪ್ರೊಜೆಕ್ಟರ್ ನಡುವೆ ಕೈಕೊಟ್ಟರೆ ಭಕ್ತಾದಿಗಳ ಪ್ರಾರ್ಥನೆಗೆ ಭಂಗ ಬರುತ್ತದೆ. ಅದರ ಮುನ್ಸೂಚನೆ ಹೆಚ್ಚಾಗಿ ಮೆನುವಿನಲ್ಲೇ ಸಿಗುತ್ತದೆ.

ಇನ್ಫರ್ಮೇಶನ್: ರಿಮೋಟ್‌ನಲ್ಲಿ ಮೆನು ಒತ್ತಿ ಈ ಪುಟ ತೆರೆಯಿರಿ. ಲ್ಯಾಂಪ್ ಎಷ್ಟು ಗಂಟೆ ಉರಿದಿದೆ, ಚಿತ್ರ ಯಾವ ಕೇಬಲ್‌ನಿಂದ ಬರುತ್ತಿದೆ, ರೆಸಲ್ಯೂಶನ್ ಎಷ್ಟು ಎಂಬುದು ಕಾಣುತ್ತದೆ. ಇದು ಓದುವುದಕ್ಕಷ್ಟೇ ಇರುವ ಪುಟ, ಹೆದರದೆ ನೋಡಬಹುದು.

ಲ್ಯಾಂಪ್: ಕೈಪಿಡಿಯಲ್ಲಿ ಹೇಳಿದ ಗಂಟೆಗಳು ಮುಗಿಯುತ್ತಾ ಬಂದಾಗ ಹೊಸ ಲ್ಯಾಂಪ್ ತರಿಸಿಡಿ. ಎಚ್ಚರಿಕೆಯ ಸೂಚನೆ ಹೋಗಲೆಂದು ಹಳೆಯ ಲ್ಯಾಂಪ್‌ಗೇ ರೀಸೆಟ್ ಒತ್ತಬೇಡಿ. ಅವಧಿ ಮೀರಿದ ಲ್ಯಾಂಪ್ ಸಿಡಿಯಬಹುದು, ಅದರೊಳಗೆ ಪಾದರಸವಿರುತ್ತದೆ. ಇಕೋ ಮೋಡ್‌ನಲ್ಲಿ ಬೆಳಕು ತುಸು ಕಡಿಮೆ, ಬಾಳಿಕೆ ಹೆಚ್ಚು. ಲೇಸರ್ ಪ್ರೊಜೆಕ್ಟರ್‌ಗಳಲ್ಲಿ ಬದಲಿಸುವ ಲ್ಯಾಂಪ್ ಇಲ್ಲ.

ಕೀಸ್ಟೋನ್: ಓರೆಯಾದ ಚಿತ್ರವನ್ನು ಸರಿಪಡಿಸುತ್ತದೆ. ಹೆಚ್ಚು ಬಳಸಿದರೆ ಅಕ್ಷರ ಮಸುಕಾಗುತ್ತದೆ. ಸಾಧ್ಯವಾದರೆ ಯಂತ್ರವನ್ನೇ ನೇರವಾಗಿಡಿ.

ಹೈ ಆಲ್ಟಿಟ್ಯೂಡ್: ಫ್ಯಾನ್ ಜೋರಾಗಿ ತಿರುಗುತ್ತದೆ, ಸದ್ದೂ ಹೆಚ್ಚುತ್ತದೆ. ಅನೇಕ ಯಂತ್ರಗಳಲ್ಲಿ ಇದು 1500 ಮೀಟರ್‌ಗಿಂತ ಎತ್ತರದ ಊರುಗಳಿಗೆ ಮಾತ್ರ. ಕರಾವಳಿಯಲ್ಲಿ ಬೇಡ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ, ಬೇಗೂರಿನಂಥ ಕಡೆ ನೆಲೆಸಿರುವ ನಮ್ಮವರಿಗೂ ಬೇಡ.

ಗಾಯನ ಮಂಡಳಿಯ ಒಬ್ಬರು ತಿಂಗಳಿಗೊಮ್ಮೆ ಲ್ಯಾಂಪ್ ಗಂಟೆಗಳನ್ನು ಪುಸ್ತಕದಲ್ಲಿ ಬರೆದಿಡುವುದು ಒಳಿತು.